ವಾಯರಿಂಗ್ ಹೋಗೇದ್ರಿ ಅಕ್ಕಾರ

ಗ್ಯಾರೇಜಿನವರು ಹೇಳೋ ಮಾತಿನ್ಯಾಗ ನಾವು ತಿರುಗಿ ಒಂದು ಪ್ರಶ್ನಿ ಸುದ್ದಾ ಕೇಳಲಿಕ್ಕಾಗದ ಮಾತು ಅಂದ್ರ ಇದೊಂದ. ಟೈರ್ ಪಂಕ್ಚರ್ ಆದ್ರ ಮೊಳಿ ಕಣ್ಣಿಗೆ ಕಾಣಸ್ತದ. ಆಯಿಲ್ ಸೋರಿದ್ರ ಅಂಗಳದ ಫರಸಿ ಮ್ಯಾಲೆ ಕರೀ ಕಲಿ ಬೀಳ್ತದ. ಬ್ರೇಕ್ ಸವದ್ರ ಕರ್ರ್ ಅಂತ ಸಪ್ಪಳ ಬರ್ತದ. "ವಾಯರಿಂಗ್ ಹೋಗೇದ" ಅಂದಕೂಡ್ಲೆ ಮಾತ್ರ ನಾವು ಸುಮ್ನ ಪರ್ಸಿಗೆ ಕೈ ಹಾಕ್ತೀವಿ. ಎಲ್ಲೆ ಹೋಗೇದ, ಹೆಂಗ ಹೋಗೇದ, ಎಷ್ಟು ಉದ್ದದ ವಾಯರ್ ಹೋಗೇದ, ಒಂದೂ ಕೇಳೂದುಲ್ಲ. ಕೇಳಿದ್ರೂ "ಅದು ನಿಮಗ ತಿಳಿಯೂದುಲ್ಲ ಬಿಡ್ರಿ" ಅನ್ನೋ ಉತ್ತರ ತಯಾರ ಇರ್ತದ.

ಅದಕ್ಕ ಈ ಸಲ ಹಪ್ಪಳ, ಸಂಡಿಗಿ, ಹಳೇ ಪಾತ್ರಿ ಕಥಿ ಎಲ್ಲಾ ಬದಿಗಿಟ್ಟು ಗಾಡಿ ವಾಯರಿಂಗಿನ ಇತಿಹಾಸ ಬರೀಲಿಕ್ಕತ್ತೇನಿ. ಇದು ಗಂಡಸರ ವಿಷಯ ಅಂತ ಮೂಗು ಮುರೀಬ್ಯಾಡ್ರೆವಾ. ರಸ್ತಾದಾಗ ನಿಂತ ಮೋಟಾರ್ ಗಾಡಿಯ ವಾಯರ್ ರಿಪೇರಿ ಮಾಡಿದ ಹಳೇ ಹಳೇ ಕಥಿ ಹುಡುಕ್ಕೋತ ಹೋದ್ರ ಸಿಗೋದು ಒಬ್ಬ ಹೆಣ್ಣಮಗಳು, ಐದು ಮಕ್ಕಳ ತಾಯಿ.

ಆಕಿ ಹೆಸರು ಬರ್ಥಾ ಬೆಂಜ್. ಜರ್ಮನಿಯ ಮಾನ್‌ಹೈಮ್ ಊರಾಗ ಆಕಿ ಗಂಡ ಕಾರ್ಲ್ ಬೆಂಜ್ 1886ರ ಜನವರಿ 29ಕ್ಕ ತನ್ನ ಮೂರು ಗಾಲಿಯ ಮೋಟಾರ್ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದ. ಆ ಕಾರಖಾನಿ ನಿಂತಿದ್ದ ಆಕಿ ರೊಕ್ಕದ ಮ್ಯಾಲೆ. ಲಗ್ನಕ್ಕಿಂತ ಮೊದಲ ತನ್ನ ವರದಕ್ಷಿಣಿ ರೊಕ್ಕ ತಗದು ಆತನ ಧಂದೇಕ್ಕ ಹಾಕಿದ್ಲು. ಗಾಡಿ ಏನೋ ತಯಾರಾತು, ಕೊಳ್ಳೋರು ಮಾತ್ರ ಇಲ್ಲ. ಮಂದಿಗೆ ನಂಬಿಕಿ ಇಲ್ಲ, ಗಂಡಗ ಧೈರ್ಯ ಇಲ್ಲ. 1888ರ ಆಗಸ್ಟ್ ತಿಂಗಳದಾಗ ಒಂದಿನ ಮುಂಜಾನೆ ಬರ್ಥಾ ಗಂಡಗ ಹೇಳದನ ಗಾಡಿ ಹೊರಗ ತಗದು, 15 ವರ್ಷದ ಯೂಜೆನ್, 13 ವರ್ಷದ ರಿಚರ್ಡ್ ಇಬ್ಬರನೂ ಕೂಡಿಸಿಕೊಂಡು ಫೋರ್ಟ್ಸ್‌ಹೈಮ್ ಊರಿಗೆ ಹೊಂಟ್ಲು. ಆಕಿ ತವರುಮನಿ ಊರದು. ಸುಮಾರು 100 ಕಿಲೋಮೀಟರ್ ದಾರಿ. ಅಷ್ಟು ದೂರ ಅಂಥಾ ಗಾಡಿ ಯಾರೂ ಓಡಿಸಿರಲಿಲ್ಲ. ತವರಿಗೆ ಹೋಗೋ ನೆವದಾಗ ಜಗತ್ತಿನ ಇತಿಹಾಸ ಬದಲಿ ಮಾಡಿದ್ಲು ಅಂದ್ರ ನಮ್ಮ ಮಂದಿಗೆ ಬೇಕಾದಷ್ಟು ಅರ್ಥ ಆಗ್ತದ!

ದಾರ್ಯಾಗ ಏನೇನಾತು ಅನ್ನೋದು ಆ ಮನಿಯವರು ಹೇಳಿಕೋತ ಬಂದ ಕಥಿ. ಎಣ್ಣಿ ಕಡಿಮಿ ಆತು. ಆಗ ಪೆಟ್ರೋಲ್ ಪಂಪ್ ಎಲ್ಲೆ? ವೀಸ್‌ಲೋಖ್ ಊರಿನ ಔಷಧದ ಅಂಗಡಿಯಾಗ ಬಟ್ಟಿ ಕಲಿ ತಗಿಯೋ ಲಿಗ್ರೋಯಿನ್ ಅನ್ನೋ ದ್ರವ ಕೊಂಡು ತುಂಬಿಸಿದ್ಲು. ಎಣ್ಣಿ ಬರೋ ನಳಿಗಿ ಕಟ್ಟಿತು, ಟೊಪ್ಪಿಗೆ ಚುಚ್ಚೋ ಪಿನ್ ತಗದು ಚುಚ್ಚಿ ಬಿಡಿಸಿದ್ಲು. ಬ್ರೇಕಿನ ಕಟಗಿ ಸವೀತು, ಚಮ್ಮಾರನ ಕಡೆ ಹೋಗಿ ಚರ್ಮ ಹೊಡಸಿದ್ಲು. ಆಮ್ಯಾಲೆ ಕಿಡಿ ಹೊಡಿಯೋ ವಾಯರಿನ ಮ್ಯಾಲಿನ ಹೊದಿಕಿ ಸವದು ತಂತಿ ಬತ್ತಲೆ ಆತು. ಅದಕ್ಕ ತನ್ನ ಕಾಲಚೀಲ ಜಾರದಂಗ ಕಟ್ಟಿಕೊಳ್ಳೋ ಪಟ್ಟಿ, ಗಾರ್ಟರ್ ಅಂತಾರಲ್ಲ, ಅದನ್ನ ಬಿಚ್ಚಿ ಸುತ್ತಿದ್ಲು. ಗಾಡಿ ಮುಂದ ಹೋತು.

ಟೊಪ್ಪಿಗಿ ಪಿನ್ನಿನ ಕಥಿ ಎಲ್ಲಾರೂ ಹೇಳ್ತಾರ. ನನಗ ಮಾತ್ರ ಗಾರ್ಟರ್ ಕಥಿ ಭಾಳ ದೊಡ್ಡದು ಅನಸ್ತದ. ಕಟ್ಟಿದ ನಳಿಗಿ ಚುಚ್ಚೋದು ಮೋರಿ ತಗಿಯೋ ಯಾರಿಗಾದ್ರೂ ಹೊಳೀತದ. ಆದ್ರ ಕಿಡಿ ಯಾಕ ಹಾರವಲ್ದು, ಕರೆಂಟು ನಡುವ ಎಲ್ಲೆ ಸೋರಿಹೋಗಲಿಕ್ಕತ್ತದ ಅಂತ ಹುಡುಕಿ, ಅದಕ್ಕ ಬಟ್ಟಿ ಸುತ್ತಿದ್ರ ಸಾಕು ಅಂತ ತಿಳಿಬೇಕಾದ್ರ ಒಳಗಿನ ಲೆಕ್ಕ ಗೊತ್ತಿರಬೇಕು. ಆ ಲೆಕ್ಕ ಇವತ್ತಿಗೂ ಅದ. ಗಾಡಿ ಬದಲಾಗ್ಯಾವ, ಹುಡುಕೋ ರೀತಿ ಬದಲಾಗಿಲ್ಲ.

ಲೆಕ್ಕ ಇಷ್ಟ ನೋಡ್ರಿ. ಓಣ್ಯಾಗ ಹೋಳಿಗಿ ಹಾಕಿ ಡಬ್ಬಿ ಕಳಸ್ತೀವಿ. ಆ ಡಬ್ಬಿ ತಿರುಗಿ ಮನಿಗೆ ಬಂದ್ರನ ಮುಂದಿನ ಹಬ್ಬಕ್ಕ ಮತ್ತ ಹೋಗ್ತದ. ಕರೆಂಟೂ ಹಂಗ. ಬ್ಯಾಟರಿಯಿಂದ ಹೊಂಟದ್ದು ದೀಪದಾಗ ಕೆಲಸ ಮಾಡಿ ತಿರುಗಿ ಬ್ಯಾಟರಿಗೇ ಬರಬೇಕು. ಹೋಗೋ ದಾರಿ ಹರದ್ರ ದೀಪ ಹತ್ತೂದುಲ್ಲ, ಬರೋ ದಾರಿ ಹರದ್ರೂ ಹತ್ತೂದುಲ್ಲ. ದೀಪದ ತನಕ ಹೋಗದನ ಅಡ್ಡದಾರಿ ಹಿಡದು ತಿರುಗಿ ಬಂದ್ರ ಅದಕ್ಕ ಶಾರ್ಟ್ ಅಂತಾರ, ಬರ್ಥಾನ ಗಾಡಿಗೆ ಆಗಿದ್ದು ಆ ಜಾತಿಯದು. ಇನ್ನ ಮೂರನೇದು, ದಾರಿ ಪೂರಾ ಹರದಿಲ್ಲ, ಆದ್ರ ಜಂಗ ಹಿಡದು ಇಕ್ಕಟ್ಟಾಗ್ಯದ. ದೀಪ ಹತ್ತತದ, ಮಿಣಿಮಿಣಿ ಅಂತದ. "ವಾಯರಿಂಗ್ ಹೋಗೇದ" ಅಂದ್ರ ಈ ಮೂರರಾಗ ಒಂದು. ನಾಲ್ಕನೇದು ಇಲ್ಲ.

ಆಗಿನ ವಾಯರಿಗೆ ಈಗಿನಂಗ ಪ್ಲಾಸ್ಟಿಕ್ ಎಲ್ಲೆ ಇತ್ತು? ರಬ್ಬರ್ ಹೊದಿಕಿ, ಅದರ ಮ್ಯಾಲೆ ಹತ್ತಿ ನೂಲಿನ ಹೆಣಿಕಿ. ಜಡಿ ಹೆಣದಂಗ ಹೆಣಿತಿದ್ರು, ಮ್ಯಾಲೆ ವಾರ್ನಿಶ್ ಬಳೀತಿದ್ರು. ರಬ್ಬರ್ ಬಿಸಲಿಗೆ ಒಣಗಿ ಹಳೇ ರೊಟ್ಟಿಗತೆ ಉದರತಿತ್ತು, ಮಳಿಗಾಲದಾಗ ಹತ್ತಿ ನೀರು ಕುಡೀತಿತ್ತು. ಅದಕ್ಕ ಹಳೇ ಗಾಡಿಗಳು ಮಳಿಯಾಗ ಕೈಕೊಡತಿದ್ದು ಸುಳ್ಳಲ್ಲ. ಆಮ್ಯಾಲೆ ಪ್ಲಾಸ್ಟಿಕ್ ಹೊದಿಕಿ ಬಂದು ಈ ತ್ರಾಸು ಬಹಳಷ್ಟು ಕಡಿಮಿ ಆತು. ಇಲಿ ತ್ರಾಸು ಮಾತ್ರ ಕಡಿಮಿ ಆಗಿಲ್ಲ, ಅದನ್ನ ಮುಂದ ಹೇಳ್ತೇನಿ.

1908ಕ್ಕ ಅಮೆರಿಕಾದಾಗ ಫೋರ್ಡ್ ಕಂಪನಿಯ ಮಾಡೆಲ್ ಟಿ ಬಂತು. 1927ರ ತನಕ ಒಂದೂವರೆ ಕೋಟಿ ಗಾಡಿ ಮಾಡಿದ್ರು. ಹೊಲಮನಿಯವರು ಕೊಂಡ ಗಾಡಿ ಅದು, ಮೆಕ್ಯಾನಿಕ್ ಹತ್ತಿರ ಸಿಗೂದುಲ್ಲ. ಅದಕ್ಕ ಕಂಪನಿಯವರು ಗಾಡಿ ಜೋಡಿ ಒಂದು ಪುಸ್ತಕ ಕೊಡತಿದ್ರು, ಪ್ರಶ್ನಿ-ಉತ್ತರದ ರೂಪದಾಗ. ಆ ಗಾಡಿಯೊಳಗ ನಾಲ್ಕು ಸಿಲಿಂಡರಿಗೆ ನಾಲ್ಕು ಕಟಗಿ ಡಬ್ಬಿ, ಒಳಗ ಕಾಯಿಲ್. ಕರೆಂಟು ಬಂದಾಗ ಡಬ್ಬಿ ಮ್ಯಾಲಿನ ಸಣ್ಣ ಪತ್ತಿ ಗುಂಯ್ ಅಂತ ನಡುಗೋದು, ಜೇನಹುಳದಂಗ. ಇಂಜಿನ್ ಎಡವಿ ಎಡವಿ ಓಡಲಿಕ್ಕತ್ರ ಯಾವ ಸಿಲಿಂಡರಿಗೆ ಕಿಡಿ ಹೋಗವಲ್ದು ಅಂತ ಹೆಂಗ ಹುಡುಕೋದು? ಪುಸ್ತಕದಾಗ ಬರದಿದ್ದ ಉಪಾಯ ಎಷ್ಟು ಶಾಣ್ಯಾತನದ್ದು ನೋಡ್ರಿ. ಒಂದನೇ ಮತ್ತು ನಾಲ್ಕನೇ ಪತ್ತಿ ಮ್ಯಾಲೆ ಬಟ್ಟಿಟ್ಟು ಒತ್ತಿ ಹಿಡೀರಿ. ಉಳದ ಎರಡು ಸರಿಯಾಗಿ ಓಡಿದ್ರ ದೋಷ ನೀವು ಹಿಡದ ಎರಡರಾಗ ಅದ. ಸರಿ ಓಡದಿದ್ರ ಆ ಕಡೆ ಎರಡರಾಗ ಅದ. ಆಮ್ಯಾಲೆ ಆ ಎರಡರಾಗ ಒಂದೊಂದ ಹಿಡದು ನೋಡ್ರಿ.

ಇದಕ್ಕ ಅರ್ಧ ಮಾಡಿ ಹುಡುಕೋದು ಅಂತ ನಾ ಹೆಸರಿಟ್ಟೇನಿ. ನೂರು ಮಾರು ಮಲ್ಲಿಗಿ ಮಾಲಿಯಾಗ ಎಲ್ಲೋ ದಾರ ಹರದದ ಅಂದ್ರ ಮೊದಲಿನಿಂದ ಒಂದೊಂದ ಹೂ ಎಣಿಸಿಕೋತ ಕೂಡೂದುಲ್ಲ. ನಡುವ ಹಿಡದು ಎತ್ತೋದು, ಯಾವ ಅರ್ಧ ಜೋತು ಬೀಳ್ತದ ಅಂತ ನೋಡೋದು. ಇವತ್ತಿಗೂ ಛಲೋ ಮೆಕ್ಯಾನಿಕ್ ಹಿಂಗ ಹುಡುಕ್ತಾನ. ಬ್ಯಾಟರಿಯಿಂದ ದೀಪದ ತನಕ ಇರೋ ದಾರ್ಯಾಗ ನಡುವಿನ ಕಪ್ಲರ್ ಬಿಚ್ಚಿ ಅಲ್ಲಿ ತನಕ ಕರೆಂಟು ಬಂದದೇನು ಅಂತ ನೋಡ್ತಾನ. ಬಂದಿದ್ರ ಹಿಂದಿನ ಅರ್ಧ ಮರತುಬಿಡ್ತಾನ.

ಅದ ಕಾಲಕ್ಕ, 1909ರಾಗ, ಆಲಿಸ್ ರ‍್ಯಾಮ್ಸಿ ಅನ್ನೋ ಹೆಣ್ಣಮಗಳು ಮೂರು ಮಂದಿ ಗೆಳತ್ಯಾರನ್ನ ಕೂಡಿಸಿಕೊಂಡು ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋ ತನಕ 59 ದಿನ ಗಾಡಿ ಹೊಡಕೊಂಡು ಹೋದ್ಲು. ಉಳದ ಮೂವರಿಗೆ ಗಾಡಿ ಬರತಿದ್ದಿಲ್ಲ. 11 ಟೈರ್ ಬದಲಿಸಿದ್ದು, ಸ್ಪಾರ್ಕ್ ಪ್ಲಗ್ ತಗದು ಒರಸಿದ್ದು ಎಲ್ಲಾ ಆಕೀನ. ಅದ ವರ್ಷ ಇಂಗ್ಲೆಂಡಿನಾಗ ಡೊರೊಥಿ ಲೆವಿಟ್ ಹೆಣ್ಣಮಕ್ಕಳಿಗೆ ಅಂತನ ಗಾಡಿ ಪುಸ್ತಕ ಬರದ್ಲು. ದೋಷ ಬಂದ್ರ ಹೆಂಗ ಸರಿ ಮಾಡಬೇಕು ಅನ್ನೋದಕ್ಕ ಅದರಾಗ ಒಂದು ಅಧ್ಯಾಯನ ಅದ. ಹಿಂದ ಯಾರು ಬರ್ತಾರ ನೋಡಲಿಕ್ಕೆ ಕೈಗನ್ನಡಿ ಹತ್ತಿರ ಇಟ್ಟುಕೊಳ್ರಿ ಅಂತ ಹೇಳಿದಾಕಿನೂ ಆಕೀನ. ಗಾಡಿಗೆ ಹಿಂದಿನ ಕನ್ನಡಿ ಬರೋಕಿಂತ ಮೊದಲಿನ ಮಾತದು.

ಆದ್ರ ಆಗಿನ ಗಾಡಿ ಚಾಲೂ ಮಾಡೋದು ಹುಡುಗಾಟಲ್ಲ. ಮುಂದ ನಿಂತು ಕಬ್ಬಿಣದ ಹ್ಯಾಂಡಲ್ ತಿರುವಬೇಕು. ಇಂಜಿನ್ ತಿರುಗಿ ಒದ್ರ ಮಣಿಕಟ್ಟ ಮುರಿಯೋದು. ಅದಕ್ಕ ಆ ಕಾಲದಾಗ ಭಾಳ ಮಂದಿ ಹೆಣ್ಣಮಕ್ಕಳು ಬ್ಯಾಟರಿ ಕಾರು ಇಟ್ಟಿದ್ರು. ತಮಾಷಿ ಅಂದ್ರ ಊರಿಗೆಲ್ಲಾ ಪೆಟ್ರೋಲ್ ಗಾಡಿ ಮಾರಿದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಫೋರ್ಡ್ ಸ್ವತಃ ಓಡಾಡತಿದ್ದದ್ದು 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಅನ್ನೋ ಬ್ಯಾಟರಿ ಕಾರಿನಾಗ. ಗಂಡನ ಅಂಗಡಿ ಸಾಮಾನು ಹೆಂಡತಿ ಒಲ್ಲೆ ಅನ್ನೋದು ಎಲ್ಲಾ ಊರಾಗೂ ಅದ!

ಆ ಹ್ಯಾಂಡಲ್ ಬಿಡಿಸಿದಾತ ಚಾರ್ಲ್ಸ್ ಕೆಟರಿಂಗ್. ಅಂಗಡಿಯಾಗ ರೊಕ್ಕ ಎಣಿಸೋ ಯಂತ್ರಕ್ಕ ಮೊದಲು ಸಣ್ಣ ಮೋಟಾರ್ ಕೂಡಿಸಿದ್ದ. ಸಣ್ಣ ಮೋಟಾರ್ ಆದ್ರೂ ಸ್ವಲ್ಪ ಹೊತ್ತು ಮಾತ್ರ ದುಡಿಸಿದ್ರ ದೊಡ್ಡ ಕೆಲಸ ಮಾಡ್ತದ ಅನ್ನೋದು ಅಲ್ಲೆ ಕಲತ ಪಾಠ. ಅದ ಉಪಾಯ 1912ರ ಕ್ಯಾಡಿಲಾಕ್ ಗಾಡಿಗೆ ಬಂತು. (ಅದಕ್ಕ ಸೆಲ್ಫ್ ಗುಂಡಿ ಒತ್ತಿ ಹಿಡಕೊಂಡು ನಿಂದರಬಾರದು. ಐದು ಸೆಕೆಂಡ್ ಒತ್ತಿ, ಬಿಟ್ಟು, ಸ್ವಲ್ಪ ತಡದು ಮತ್ತ ಒತ್ತಬೇಕು. ಇಲ್ಲಂದ್ರ ಬ್ಯಾಟರಿನೂ ಬರಿದು, ಮೋಟಾರೂ ಬಿಸಿ.) ಸೆಲ್ಫ್ ಜೋಡಿ ದೊಡ್ಡ ಬ್ಯಾಟರಿ ಬಂತು, ಅದನ್ನ ತುಂಬೋ ಡೈನಮೋ ಬಂತು, ಕಾರ್ಬೈಡ್ ಗ್ಯಾಸಿನ ದೀಪ ಹೋಗಿ ಕರೆಂಟಿನ ದೀಪ ಬಂತು. ಬರ್ಥಾನ ಗಾಡಿಯಾಗ ಕಿಡಿಗೆ ಬೇಕಾದ ವಾಯರಷ್ಟ ಇತ್ತು. ಈಗ ವಾಯರಿನ ಗೊಂಚಲಾತು.

ಆ ಗೊಂಚಲು ಕಡಿಮಿ ಮಾಡಲಿಕ್ಕೆ ಒಂದು ಉಪಾಯ ಹಿಡದ್ರು, ಅದರಿಂದನ ಅರ್ಧ ಗೋಳು ಹುಟ್ಟೇದ. ಪ್ರತಿ ದೀಪಕ್ಕ ಹೋಗಲಿಕ್ಕೊಂದು ಬರಲಿಕ್ಕೊಂದು ಎರಡು ವಾಯರ್ ಯಾಕ? ಗಾಡಿ ಬಾಡಿ ಪೂರಾ ಕಬ್ಬಿಣ. ಹೋಗಲಿಕ್ಕೆ ವಾಯರ್ ಇರಲಿ, ಬರೋದು ಬಾಡಿ ಮ್ಯಾಲಿಂದ ಬರಲಿ. ಇದಕ್ಕ ಮೆಕ್ಯಾನಿಕರು ಅರ್ಥ್ ಅಂತಾರ. ಮನಿಗೆ ಹುಗಿಯೋ ಅರ್ಥಿಂಗಿಗೂ ಇದಕ್ಕೂ ಹೆಸರಷ್ಟ ಒಂದು. ವಾಯರಿನ ಖರ್ಚು ಸುಮಾರು ಅರ್ಧಕ್ಕ ಇಳೀತು. ಆದ್ರ ಕಬ್ಬಿಣಕ್ಕ ತುಕ್ಕು ಹಿಡೀತದಲ್ಲ?

ನಮ್ಮ ಓಣ್ಯಾಗ ಒಬ್ಬ ವೈನಿಯವರ ಹಳೇ ಕಾರಿಗೆ ಎರಡು ವರ್ಷದ ಹಿಂದ ದೆವ್ವ ಹೊಕ್ಕಂಗ ಆಗಿತ್ತು. ಬಲಗಡೆ ಇಂಡಿಕೇಟರ್ ಹಾಕಿದ್ರ ಹಿಂದಿನ ಕೆಂಪು ದೀಪನೂ ಅದರ ಜೋಡಿ ಕಣ್ಣು ಮುಚ್ಚಿ ತಗಿಯೋದು. ಬ್ರೇಕ್ ಒತ್ತಿದ್ರ ಇಂಡಿಕೇಟರ್ ಮಿಣುಕೋದು. ಒಂದು ಗ್ಯಾರೇಜಿನವ ಇಡೀ ವಾಯರಿಂಗ್ ಬದಲಿ ಮಾಡಬೇಕು, 12 ಸಾವಿರ ಅಂದ. ಆಮ್ಯಾಲೆ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಬಂದು, ಹಿಂದಿನ ದೀಪದ ಹತ್ತಿರ ಬಾಡಿಗೆ ಬಿಗದಿದ್ದ ಕರೀ ವಾಯರಿನ ಒಂದ ಸ್ಕ್ರೂ ಬಿಚ್ಚಿ, ಪಾಲಿಶ್ ಪೇಪರಿನಿಂದ ಜಂಗ ತಿಕ್ಕಿ, ತಿರುಗಿ ಬಿಗದ್ರು. ಅಷ್ಟ. ಕಾರಣ ತಿಳಕೊಂಡ್ರ ದೆವ್ವ ಇಲ್ಲ. ಹಿಂದಿನ ಮೂರು ದೀಪಕ್ಕೂ ತಿರುಗಿ ಹೋಗೋ ದಾರಿ ಅದೊಂದ ಸ್ಕ್ರೂ. ಅದು ಮುಚ್ಚಿದಾಗ ಇಂಡಿಕೇಟರಿನ ಕರೆಂಟು ಪಕ್ಕದ ದೀಪದ ಒಳಗಿಂದ ತಿರುವ್ಯಾಡಿ ಮನಿ ಸೇರಲಿಕ್ಕೆ ನೋಡ್ತದ. ಹಿಂಬಾಗಿಲ ಕೀಲಿ ಹಾಕಿದ್ರ ಮಕ್ಕಳು ಬಾಜೂ ಮನಿ ಪಡಸಾಲಿಯಿಂದ ಹಾದು ಬರೋದಿಲ್ಲೇನು, ಹಂಗ. ಒಂದು ದೀಪ ಹಾಕಿದ್ರ ಇನ್ನೊಂದು ಕುಣಿಯಲಿಕ್ಕತ್ರ "ಮೊದಲು ಅರ್ಥ್ ನೋಡ್ರಿ" ಅಂತ ನೀವ ಹೇಳ್ರಿ.

ಹುಡುಕೋ ಸಾಮಾನಿನ ಕಥಿ ಸಣ್ಣದು. ಮೊದಲು ಇದ್ದದ್ದು ಒಂದು ಬಲ್ಬು, ಎರಡು ವಾಯರ್. ಬಲ್ಬು ಹತ್ತಿದ್ರ ಕರೆಂಟು ಅದ. 1923ಕ್ಕ ಇಂಗ್ಲೆಂಡಿನ ಅಂಚೆ ಇಲಾಖೆಯ ಇಂಜಿನಿಯರ್ ಡೊನಾಲ್ಡ್ ಮೆಕ್ಯಾಡಿ ಅನ್ನೋವನ ಆವೋ ಮೀಟರ್ ಬಂತು. ಮೂರು ಅಳತಿಗೆ ಮೂರು ಡಬ್ಬಿ ಹೊತ್ತು ಬ್ಯಾಸರಾಗಿ ಆಂಪಿಯರ್, ವೋಲ್ಟ್, ಓಮ್ ಮೂರನೂ ಒಂದರಾಗ ಕೂಡಿಸಿದ್ದ. ಈಗಿನ ಮಲ್ಟಿಮೀಟರಿನ ಅಜ್ಜ ಅದು. ಹಂಗಂತ ಬಲ್ಬು ಹಳೇದಾಗಿಲ್ಲ. ಇಪ್ಪತ್ತು ಎಳಿಯ ವಾಯರಿನ್ಯಾಗ ಹತ್ತೊಂಬತ್ತು ಹರದು ಒಂದು ಉಳದ್ರೂ ಮೀಟರ್ ಪೂರಾ 12 ವೋಲ್ಟ್ ತೋರಸ್ತದ, ಯಾಕಂದ್ರ ಅದು ಕರೆಂಟು ಕುಡಿಯೋದು ಇಷ್ಟ ಇಷ್ಟು. ಅದ ವಾಯರಿಗೆ ಹೆಡ್‌ಲೈಟಿನ ಬಲ್ಬು ಹಚ್ಚಿದ್ರ ಬಣ್ಣ ಬಯಲಾಗ್ತದ. ಬೀಗರ ಮಾತು ನಂಬೋಕಿಂತ ಒಂದು ಕೆಲಸ ಹಚ್ಚಿ ನೋಡು ಅಂತಿದ್ರಲ್ಲ ನಮ್ಮ ಅಜ್ಜಿ, ಹಂಗ.

ಇನ್ನ ಫ್ಯೂಜು. ಇದಕ್ಕ ಸ್ವಲ್ಪ ಹೊತ್ತು ಕೊಡ್ರಿ, ಇದು ಪ್ರಾಣದ ಮಾತು. ಶಾರ್ಟ್ ಆದಾಗ ವಾಯರ್ ಕೆಂಡ ಆಗಿ ಬೆಂಕಿ ಹತ್ತಬಾರದು ಅಂತ ದಾರ್ಯಾಗ ಬೇಕಂತ ಒಂದು ಬಡಕಲು ತಂತಿ ಇಡ್ತಾರ, ಅದು ಮೊದಲು ಕರಗಿ ಸಾಯ್ತದ. ಮೊದಲಿನವು ಗಾಜಿನ ನಳಿಗಿಯೊಳಗ ಇರತಿದ್ವು. ಈಗ ಎಲ್ಲಾ ಗಾಡ್ಯಾಗ ಕಾಣೋ ಎರಡು ಹಲ್ಲಿನ ಬಣ್ಣದ ಪ್ಲಾಸ್ಟಿಕ್ ಫ್ಯೂಜು 1976ಕ್ಕ ಅಮೆರಿಕಾದ ಲಿಟಲ್‌ಫ್ಯೂಸ್ ಕಂಪನಿ ತಂದದ್ದು. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸರು 30. ಬೆಳಕಿಗೆ ಹಿಡದ್ರ ಒಳಗಿನ ತಂತಿ ಹರದದೋ ಇಲ್ಲೋ ಕಾಣಸ್ತದ. ಬದಲಿ ಮಾಡೋದು ಗ್ಯಾಸಿನ ಲೈಟರಿಗೆ ಕಲ್ಲು ಹಾಕೋದಕ್ಕಿಂತ ಹಗುರ.

ಫ್ಯೂಜು ಹೋಗೋದು ರೋಗ ಅಲ್ಲ, ಜ್ವರ ಇದ್ದಂಗ. ಒಳಗ ಎಲ್ಲೋ ಏನೋ ಆಗ್ಯದ ಅಂತ ಹೇಳ್ತದ. ಹೊಸದು ಹಾಕಿದ್ರ ಉಳೀತು ಅಂದ್ರ ಛಲೋ. ಹಾಕಿದಕೂಡ್ಲೆ ಮತ್ತ ಹೋತು ಅಂದ್ರ ಶಾರ್ಟ್ ಅದ, ಹುಡುಕಸಬೇಕು. ಆಗ ಕೆಲವರು ಮಾಡೋ ಕೆಲಸ ಕೇಳ್ರಿ. ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದ ಸುತ್ತಿ ಹಾಕ್ತಾರ, ಇಲ್ಲಾ 10ರ ಜಾಗಾಕ್ಕ 30 ತುರುಕ್ತಾರ, ಇಲ್ಲಾ ದಪ್ಪ ತಾಮ್ರದ ತಂತಿ ಬಿಗೀತಾರ. "ಈಗ ಹೋಗೂದುಲ್ಲ ನೋಡ್ರಿ ಅಕ್ಕಾರ" ಅಂತಾರ. ಖರೇನ, ಫ್ಯೂಜು ಹೋಗೂದುಲ್ಲ, ಅದರ ಬದಲಿ ವಾಯರ್ ಸುಡ್ತದ. ಪೆಟ್ರೋಲ್ ನಳಿಗಿ ಬಾಜೂಕ್ಕ ಹಾಯೋ ವಾಯರ್! ಮಕ್ಕಳನ್ನ ಸಾಲಿಗೆ ಬಿಡೋ ಗಾಡಿಗೆ ಇದನ್ನ ಮಾಡಿಸಿಕೊಂಡು ಬರಬ್ಯಾಡ್ರಿ. ರಿಪೇರಿ ಆದ ಮ್ಯಾಲೆ ಫ್ಯೂಜ್ ಡಬ್ಬಿ ತಗಸಿ, ಮುಚ್ಚಳದ ಮ್ಯಾಲೆ ಬರದ ನಂಬರೂ ಒಳಗಿನ ನಂಬರೂ ತಾಳಿ ಹೊಂದ್ಯಾವೇನು ಅಂತ ನೀವ ಓದಿ ನೋಡ್ರಿ.

ನಮ್ಮ ಕಡೆ ಕಥಿಗೆ ಬರೋಣ. 1951ಕ್ಕ ಬೆಂಗಳೂರಾಗ ಮೈಕೋ ಕಂಪನಿ ಶುರುವಾತು. ಅದರ ಸ್ಪಾರ್ಕ್ ಪ್ಲಗ್ ಎಷ್ಟೋ ಮನಿ ಸ್ಕೂಟರಿನ ಡಿಕ್ಕಿಯಾಗ ಪಾನಾ, ಪಾಲಿಶ್ ಪೇಪರ್ ಜೋಡಿ ಇರತಿತ್ತು. 1972ಕ್ಕ ಬಂದ ಚೇತಕ್ ಕಾಲದ ಸ್ಕೂಟರ್ ನೆನಪು ಮಾಡಿಕೊಳ್ರಿ. ಭಾಳಷ್ಟಕ್ಕ ಬ್ಯಾಟರಿನ ಇರತಿದ್ದಿಲ್ಲ. ಇಂಜಿನ್ ತಿರುಗಿದಾಗ ಮ್ಯಾಗ್ನೆಟಿನಿಂದ ಹುಟ್ಟೋ ಕರೆಂಟಿನಿಂದನ ದೀಪ. ಅದಕ್ಕ ಸಂತಿ ಗದ್ದಲದಾಗ ನಿಧಾನ ಹೋದ್ರ ಹೆಡ್‌ಲೈಟು ಹಣತಿಯಂಗ, ಎಕ್ಸಲೇಟರ್ ಕೊಟ್ರ ಝಗ್ ಅಂತ ಬೆಳಕು. ಅದು ದೋಷ ಅಲ್ಲ, ಅದರ ಸ್ವಭಾವ. ವಾಯರ್ ಕಡಿಮಿ, ದೋಷನೂ ಕಡಿಮಿ, ಆದ್ರ ಕಿಕ್ ಹೊಡಿಯೋದು ಸೀರಿ ಉಟ್ಟವರಿಗೆ ಶಿಕ್ಷಾ. 1980ರ ದಶಕದಾಗ ಕೈನೆಟಿಕ್ ಹೊಂಡಾ ಗುಂಡಿ ಒತ್ತಿದ್ರ ಚಾಲೂ ಆಗೋದು ತಂದಾಗ ಹೆಣ್ಣಮಕ್ಕಳು ಸ್ಕೂಟರಿಗೆ ಕೈ ಹಚ್ಚಿದ್ದು ಸುಮ್ನಲ್ಲ. ಕ್ಯಾಡಿಲಾಕಿನ ಗುಂಡಿ ನಮ್ಮ ಓಣಿಗೆ ಬರಲಿಕ್ಕೆ ಎಪ್ಪತ್ತು ವರ್ಷ ಹತ್ತಿತು.

ಗುಂಡಿ ಬಂದ ಮ್ಯಾಲೆ ಬ್ಯಾಟರಿ ಮ್ಯಾಲಿನ ಅವಲಂಬನೆ ಬಂತು. 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ಗಾಡಿಯ ದೀಪ ಹಗಲೂ ಹತ್ತೇ ಇರಬೇಕು ಅನ್ನೋ ನಿಯಮ ಬಂತು, ಅದಕ್ಕ ಹೊಸ ಸ್ಕೂಟರಿಗೆ ಲೈಟ್ ಬಂದ್ ಮಾಡೋ ಸ್ವಿಚ್ ಇಲ್ಲ. ಎದುರಿನವರು ಕೈ ಸನ್ನಿ ಮಾಡಿ "ಲೈಟ್, ಲೈಟ್" ಅಂದ್ರ ಗಾಬರಿ ಆಗಬ್ಯಾಡ್ರಿ. 2020ರ ಏಪ್ರಿಲಿನಿಂದ ಬಿಎಸ್-6 ಬಂತು, ಸ್ಕೂಟರಿನ ಹೊಟ್ಟ್ಯಾಗೂ ಕಂಪ್ಯೂಟರ್ ಕೂತು ಹಳದಿ ಬಣ್ಣದ ಇಂಜಿನ್ ಚಿತ್ರದ ದೀಪ ಹಚ್ಚಲಿಕ್ಕತ್ತು. ಕಾರಿನ ಕಂಪ್ಯೂಟರುಗಳು ಎರಡ ವಾಯರಿನ ಮ್ಯಾಲೆ ತಮ್ಮೊಳಗ ಮಾತಾಡೋ ರೀತಿ, ಕ್ಯಾನ್ ಅಂತಾರ, ಬಾಷ್ ಕಂಪನಿ 1986ಕ್ಕ ಜಗತ್ತಿಗೆ ತೋರಿಸಿತ್ತು. ಈಗ ಮೆಕ್ಯಾನಿಕ್ ಸ್ಕ್ಯಾನರ್ ಹಚ್ಚಿ ಕೋಡ್ ಓದ್ತಾನ. ಆದ್ರ ಒಂದು ಮಾತು. "ಸೆನ್ಸರ್ ಕರೆಂಟು ಬರವಲ್ದು" ಅಂತ ಕೋಡ್ ಬಂದ್ರ ಸೆನ್ಸರ್ ಕೆಟ್ಟದ ಅಂತ ಅಲ್ಲ. ಅದರ ವಾಯರ್ ಹರದಿರಬಹುದು, ಕಪ್ಲರ್ ಸಡಲಾಗಿರಬಹುದು, ಇಲಿ ಕಡದಿರಬಹುದು. ಮಳಿಗಾಲದಾಗ ಬೆಚ್ಚಗ ಇರ್ತದ ಅಂತ ಇಲಿ ಇಂಜಿನ್ ಮ್ಯಾಲೆ ಸಂಸಾರ ಹೂಡ್ತದ. ನಾಲ್ಕೈದು ಸಾವಿರದ ಸೆನ್ಸರಿಗೆ ಹೂಂ ಅನ್ನೋಕಿಂತ ಮೊದಲು "ವಾಯರ್ ಪೂರಾ ನೋಡಿದಿರೇನು? ಹರದಿದ್ದ ಜಾಗಾ ತೋರಸ್ರಿ" ಅಂತ ಕೇಳ್ರಿ. ಬಿಚ್ಚಿದ ಹಳೇ ಸಾಮಾನು ಕೈಯಾಗ ಇಸಕೊಳ್ರಿ.

ಮನ್ಯಾಗ ನೀವ ನೋಡಬೇಕಂದ್ರ ನೋಡ್ರಿ, 12 ವೋಲ್ಟಿಗೆ ಶಾಕ್ ಹೊಡಿಯೂದುಲ್ಲ. ಆದ್ರ ಬ್ಯಾಟರಿ ಹತ್ತಿರ ಕೈ ಹಾಕೋಕಿಂತ ಮೊದಲು ಬಂಗಾರದ ಬಳಿ, ಪಾಟಲಿ, ಉಂಗುರ ತಗದಿಡ್ರಿ, ಜೋತು ಬೀಳೋ ಮಂಗಳಸೂತ್ರ ಒಳಗ ಸೇರಿಸ್ರಿ. ಬ್ಯಾಟರಿಯ ಎರಡು ತುದಿಗೆ ಒಮ್ಮೆಲೇ ಬಳಿ ತಾಗಿದ್ರ ಒಂದು ಕ್ಷಣದಾಗ ಕೆಂಪಗ ಕಾಯ್ತದ, ಕೈಯಿಂದ ತಗಿಯಲಿಕ್ಕೆ ಬರೂದುಲ್ಲ. ಬಿಚ್ಚೋದಾದ್ರ ಮೈನಸ್ ಮೊದಲು ಬಿಚ್ಚಬೇಕು, ಹಾಕೋವಾಗ ಮೈನಸ್ ಕಡೀಗೆ. ಕಾರಣ ಮ್ಯಾಲೆ ಹೇಳಿದ್ದ, ಬಾಡಿ ಪೂರಾ ಮೈನಸ್ಸಿಗೆ ಕೂಡಿರ್ತದ. ಅದನ್ನ ಬಿಡಿಸಿದ ಮ್ಯಾಲೆ ಪ್ಲಸ್ ಬಿಚ್ಚೋ ಪಾನಾ ಬಾಡಿಗೆ ತಾಗಿದ್ರೂ ಕಿಡಿ ಹಾರೂದುಲ್ಲ. ಇನ್ನ ಕ್ಲಾರಾ ಫೋರ್ಡಿನ ಬ್ಯಾಟರಿ ಕಾರು ನೂರು ವರ್ಷದ ಮ್ಯಾಲೆ ತಿರುಗಿ ಬಂದದಲ್ಲ, ಅದರಾಗ ಕೇಸರಿ ಬಣ್ಣದ ದಪ್ಪ ವಾಯರ್ ಕಂಡ್ರ ಅಲ್ಲೆ ಕೈ ಹಚ್ಚಬ್ಯಾಡ್ರಿ. ಅದು 12 ವೋಲ್ಟಿಂದಲ್ಲ, ನೂರಾರು ವೋಲ್ಟಿಂದು. ಅದಕ್ಕ ಕಲತವರೇ ಬರಬೇಕು.